ಹೆಸರು ಕೊರೆಸಿದ ತಟ್ಟೆ: ಕ್ಷಯ ವಾಸಿಯಾದ ಮೇಲೆ ಒಂದು ಮನೆಯಲ್ಲಿ ನಡೆದದ್ದು

2024ರ ಜೂನ್ ತಿಂಗಳ ಒಂದು ಮಧ್ಯಾಹ್ನ ರತ್ನ ಮೊದಲ ಸಲ ನಮ್ಮಲ್ಲಿಗೆ ಬಂದಳು. ಪಾಂಡವಪುರದ ಕಡೆಯಿಂದ ಬಸ್ಸಿನಲ್ಲಿ ಬಂದು, ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡ್‌ನಲ್ಲಿ ಇಳಿದು, ಬಿಸಿಲಲ್ಲೇ ನಡೆದುಕೊಂಡು ಬಂದಿದ್ದಳು. ನಮ್ಮ ಆಯಾ ಕಾಫಿ ತಂದುಕೊಟ್ಟರು. ಅವಳು ಕೈ ಚಾಚಲಿಲ್ಲ. ಬ್ಯಾಗಿನೊಳಗಿಂದ ಒಂದು ಪುಟ್ಟ ಸ್ಟೀಲ್ ಲೋಟ ತೆಗೆದು ಮುಂದಿಟ್ಟಳು. "ಇದಕ್ಕೇ ಹಾಕಿಬಿಡಿ ಮೇಡಂ" ಅಂದಳು.

ಅವಳ ಜೊತೆ ಒಂದು ಫೈಲೂ ಇತ್ತು. ಅದರಲ್ಲಿ ಏಪ್ರಿಲ್ ತಿಂಗಳ ತಾರೀಖು ಹಾಕಿ 'ಗುಣವಾಗಿದೆ' ಅಂತ ಬರೆದಿದ್ದರು. ಕಫದಲ್ಲಿ ರೋಗಾಣು ಇಲ್ಲ. ಮಾತ್ರೆ ನಿಂತು ಎರಡು ತಿಂಗಳಾಗಿತ್ತು. ಲೋಟ ಮಾತ್ರ ಬ್ಯಾಗಿನಲ್ಲೇ ಇತ್ತು.

ನಾನು ಆಪ್ತ ಸಮಾಲೋಚಕಿ. ಈ ಒಂದು ಪ್ರಕರಣವನ್ನು ಪೂರ್ತಿಯಾಗಿ ಬರೆದಿಡಬೇಕು ಅನ್ನಿಸಿದ್ದಕ್ಕೆ ಕಾರಣ ಆ ಲೋಟ. ಹೆಸರು ಬದಲಿಸಿದ್ದೇನೆ, ಊರಿನ ಹೆಸರು ಬಿಟ್ಟಿದ್ದೇನೆ. ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಎರಡು ಕಡೆ ತೆಗೆಸಿದಳು. ಒಂದು ಕಡೆ, "ಇದನ್ನ ಹಾಕಿ, ಜನಕ್ಕೆ ಗೊತ್ತಾಗ್ಲಿ" ಅಂತ ಸೇರಿಸಿದಳು. ಅದು ಯಾವುದು ಅಂತ ಮುಂದೆ ಹೇಳುತ್ತೇನೆ.

ಮನೆ, ಕೆಲಸ, ಕೆಮ್ಮು

ಆಗ ಅವಳಿಗೆ 27 ವರ್ಷ. ತವರು ತಿ. ನರಸೀಪುರದ ಕಡೆ. 20ಕ್ಕೆ ಮದುವೆಯಾಗಿ ಪಾಂಡವಪುರ ತಾಲ್ಲೂಕಿನ ಹಳ್ಳಿಗೆ ಬಂದವಳು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಊರು. ಮುಕ್ಕಾಲು ಎಕರೆ ಗದ್ದೆ, ಸ್ವಲ್ಪ ಕಬ್ಬು, ಒಂದು ಹಸು. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಮಾವ ಇಲ್ಲ, ಅತ್ತೆಯದೇ ಯಜಮಾನಿಕೆ. ರತ್ನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಮಗ ಹುಟ್ಟಿದ್ದು 2019ರಲ್ಲಿ.

2022ರ ಸಂಕ್ರಾಂತಿ ಕಳೆದ ಮೇಲೆ ಕೆಮ್ಮು ಶುರುವಾಯಿತು. ಆಗ ಕೆಮ್ಮು ಅಂದರೆ ಎಲ್ಲರಿಗೂ ಒಂದೇ ನೆನಪು, ಕೊರೊನಾ. ಮೂಗಿಗೆ ಕಡ್ಡಿ ಹಾಕಿಸಿದ್ದಾಯಿತು. ನೆಗೆಟಿವ್ ಬಂತು. ಅಲ್ಲಿಗೆ ಮನೆಯವರೆಲ್ಲ ನಿರಾಳ. ಕೊರೊನಾ ಅಲ್ಲ ಅಂದಮೇಲೆ ಇನ್ನೇನು, ಹತ್ತಿ ಧೂಳಿನ ಕೆಮ್ಮು, ಹೋಗುತ್ತೆ ಅಂದುಕೊಂಡರು. ಮೆಡಿಕಲ್ ಸ್ಟೋರಿನ ಸಿರಪ್ಪು, ಎರಡು ಕ್ಲಿನಿಕ್ಕು, ಒಂದು ತಾಯತ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಅನ್ನೋ ಮಾತು ಗೋಡೆಗಳ ಮೇಲೆಲ್ಲಾ ಬರೆದಿರುತ್ತದೆ. ಆದರೆ ಆ ಏಳು ತಿಂಗಳಲ್ಲಿ ಅವಳಿಗೆ ಅದನ್ನು ಬಾಯಿ ಬಿಟ್ಟು ಹೇಳಿದವರು ಯಾರೂ ಇರಲಿಲ್ಲ.

ಆಗಸ್ಟ್‌ನಲ್ಲಿ ಕಫದ ಜೊತೆ ರಕ್ತ ಬಂತು. ಆಗ ತೂಕ 34 ಕೆ.ಜಿ. ಸಿಬಿನ್ಯಾಟ್ ಅನ್ನೋ ಯಂತ್ರದಲ್ಲಿ ಕಫ ಪರೀಕ್ಷೆ ಮಾಡಿದರು. ಕ್ಷಯ ಇದೆಯೋ ಇಲ್ಲವೋ ಅಂತ ಹೇಳುವುದರ ಜೊತೆಗೆ, ರಿಫಾಂಪಿಸಿನ್ ಅನ್ನೋ ಮುಖ್ಯ ಔಷಧಿಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಅನ್ನುವುದನ್ನೂ ಆ ಯಂತ್ರ ಎರಡು ಗಂಟೆಯಲ್ಲಿ ಹೇಳಿಬಿಡುತ್ತದೆ. ರತ್ನಳದು ಬಗ್ಗದ ಜಾತಿ. ಔಷಧಿಗೆ ಬಗ್ಗದ ಕ್ಷಯ ಅಂದರೆ ಮಾತ್ರೆ ಸರಿಯಾಗಿ ನುಂಗದವರಿಗೆ ಬರುವ ಕಾಯಿಲೆ ಅಂತ ಬಹಳ ಜನ ತಿಳಿದಿದ್ದಾರೆ. ಅರ್ಧ ನಿಜ. ಅಂಥ ರೋಗಾಣು ಒಬ್ಬರಿಂದ ಇನ್ನೊಬ್ಬರಿಗೆ ಗಾಳಿಯಲ್ಲಿ ನೇರವಾಗಿಯೂ ಬರುತ್ತದೆ. ರತ್ನ ಅದಕ್ಕೆ ಮುಂಚೆ ಕ್ಷಯದ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ಆದರೂ, "ನಾನೇನು ತಪ್ಪು ಮಾಡಿದ್ನೋ" ಅಂತ ಇವತ್ತಿಗೂ ಕೇಳುತ್ತಾಳೆ.

20 ತಿಂಗಳು

ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಮಾತ್ರೆ ಸಾಕು. ಇವಳಿಗೆ ಹೇಳಿದ್ದು 18ರಿಂದ 20 ತಿಂಗಳು. ಕೊನೆಗೆ ಆಗಿದ್ದು 20. ದಿನಾ ಒಂದು ಹಿಡಿ ಮಾತ್ರೆ. ಮೊದಲಿನ ಕಾಲದ ಹಾಗೆ ತಿಂಗಳುಗಟ್ಟಲೆ ಇಂಜೆಕ್ಷನ್ ಇರಲಿಲ್ಲ, ಅದೊಂದು ಪುಣ್ಯ. ಆ ಇಂಜೆಕ್ಷನ್‌ನಿಂದ ಕಿವಿ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಬಗ್ಗದ ಕ್ಷಯವನ್ನೂ ಅನೇಕರಲ್ಲಿ 6 ತಿಂಗಳಲ್ಲೇ ವಾಸಿ ಮಾಡುವ ಬಿಪಾಲ್‌ಎಂ ಅನ್ನೋ ಚಿಕಿತ್ಸೆಗೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಹೇಳಿದಾಗ ರತ್ನ ನಕ್ಕುಬಿಟ್ಟಳು. "ಕಾಯಿಲೆ ಒಸಿ ತಡವಾಗಿ ಬಂದಿದ್ರೆ ಚೆನ್ನಾಗಿತ್ತು ಅಲ್ವಾ ಮೇಡಂ?"

ಅವಳು ನುಂಗಿದ ಮಾತ್ರೆಗಳಲ್ಲಿ ಮೂರರ ಬಗ್ಗೆ ಇಲ್ಲಿ ಹೇಳಲೇಬೇಕು. ಮೂರೂ ಅವಳ ಜೀವ ಉಳಿಸಿದವು. ಮೂರೂ ಏನಾದರೊಂದು ಕಿತ್ತುಕೊಂಡವು.

ಒಂದು ಕ್ಲೊಫಾಜಿಮಿನ್. ಕುಷ್ಠರೋಗಕ್ಕೂ ಕೊಡುವ ಮಾತ್ರೆ ಅದು. ಚರ್ಮವನ್ನು ಕೆಂಪುಗಪ್ಪು ಮಾಡುತ್ತದೆ. ಮಾತ್ರೆ ನಿಲ್ಲಿಸಿದ ಮೇಲೆ ಬಣ್ಣ ತಿಳಿಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷಗಳೇ. ರತ್ನ ಎಣ್ಣೆಗೆಂಪಿನವಳು. ಆರು ತಿಂಗಳಲ್ಲಿ ಅವಳ ಮುಖ, ಕೈ ಸೀದ ಬೆಲ್ಲದ ಬಣ್ಣಕ್ಕೆ ತಿರುಗಿತು. ಈ ಹೋಲಿಕೆ ನನ್ನದಲ್ಲ, ಅವಳದೇ. ಆಲೆಮನೆಯಲ್ಲಿ ಪಾಕ ಹಿಡಿ ತಪ್ಪಿದರೆ ಬೆಲ್ಲ ಕಪ್ಪಾಗುತ್ತದಲ್ಲ, ಹಾಗೆ. ಕೆಮ್ಮನ್ನು ಮುಚ್ಚಿಡಬಹುದು, ಮಾತ್ರೆಯನ್ನು ಮುಚ್ಚಿಡಬಹುದು. ಮುಖದ ಬಣ್ಣ ಎಲ್ಲಿ ಮುಚ್ಚಿಡುವುದು? ಊರಿಗೆ ವಿಷಯ ಗೊತ್ತಾಗಿದ್ದೇ ಬಣ್ಣದಿಂದ. ಮೊದಲು ಕಾಮಾಲೆ ಅಂದರು. ಆಮೇಲೆ ಯಾರೋ 'ದೊಡ್ಡ ರೋಗ' ಅಂದರು. ಅದು ಕುಷ್ಠಕ್ಕೆ ಹಳಬರು ಹೇಳುವ ಹೆಸರು. ನಿಜ ಹೇಳಿಬಿಡೋಣ ಅಂತ ಗಂಡನೇ ಟೀ ಅಂಗಡಿಯಲ್ಲಿ ಟಿಬಿ ಅಂದ. ಮಾರನೇ ದಿನದಿಂದ ಅವನಿಗೆ ಪೇಪರ್ ಲೋಟದಲ್ಲಿ ಟೀ. ಉಳಿದವರಿಗೆ ಗಾಜಿನ ಲೋಟ.

ಎರಡನೆಯದು ಲಿನೆಜೋಲಿಡ್. ಪಾದದ ನರಗಳ ಮೇಲೆ ಕೂರುತ್ತದೆ. ಜೋಮು, ಉರಿ. ಹೊಲಿಗೆ ಮಿಷಿನ್ ತುಳಿಯುವವಳಿಗೆ ಪಾದ ಜೋಮು ಹಿಡಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಸೈಕ್ಲೋಸೆರಿನ್. ಇದರ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕೆಲವರಲ್ಲಿ ಮನಸ್ಸನ್ನೇ ಕೆಡಿಸುತ್ತದೆ. ನಿದ್ದೆ ಹೋಗುತ್ತದೆ, ಭಯ, ಖಿನ್ನತೆ, ಸಾಯಬೇಕು ಅನ್ನೋ ಯೋಚನೆ. ವೈದ್ಯರಿಗೆ ಇದು ಗೊತ್ತಿರುವ ವಿಷಯವೇ. ಹೇಳಿಕೊಂಡರೆ ಪ್ರಮಾಣ ಕಡಿಮೆ ಮಾಡುತ್ತಾರೆ, ಬೇರೆ ಮಾತ್ರೆಗೆ ಬದಲಿಸುತ್ತಾರೆ. ಆದರೆ ಹೇಳಿಕೊಳ್ಳಬೇಕಲ್ಲ. ರತ್ನಳನ್ನು ಪ್ರತಿ ತಿಂಗಳು ತೂಗಿದರು. ರಕ್ತ ನೋಡಿದರು, ಇಸಿಜಿ ಮಾಡಿದರು. ಮನಸ್ಸು ಹೇಗಿದೆ ಅಂತ ಕೇಳಿದ್ದು ಅವಳಿಗೆ ನೆನಪಿಲ್ಲ.

ಏಳನೇ ತಿಂಗಳಿಂದ ಅವಳು ಬೆಳಗಿನ ಜಾವ ಎದ್ದು ನಾಲೆ ಏರಿ ಮೇಲೆ ಹೋಗಿ ಕೂರುತ್ತಿದ್ದಳು. ಮೂರನೇ ಭೇಟಿಯಲ್ಲಿ ಇದನ್ನು ಹೇಳಿದಳು. "ಯಾಕೆ ಕೂರ್ತಿದ್ದೆ ಅಂತ ಕೇಳ್ಬೇಡಿ" ಅಂದಳು. ಕೇಳಿದೆ. ನಮ್ಮ ಕೆಲಸದಲ್ಲಿ ಇದನ್ನು ಸುತ್ತಿ ಬಳಸಿ ಕೇಳಬಾರದು, ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನೋದು ಸುಳ್ಳು. "ಹೌದು ಮೇಡಂ, ಅದಕ್ಕೇ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆರು ಗಂಟೆ ಬಸ್ ಬಂದ್ರೆ ಜನ ನೋಡ್ತಾರೆ ಅಂತ ಎದ್ದು ಬಂದ್ಬಿಡ್ತಿದ್ದೆ" ಅಂದಳು.

ಅದು ಮಾತ್ರೆಯ ಕೆಲಸವೋ, ಒಂಟಿತನದ ಕೆಲಸವೋ? ಬೇರೆ ಬೇರೆ ಮಾಡಿ ತೋರಿಸಲು ನನಗೆ ಆಗುವುದಿಲ್ಲ. ಬಹುಶಃ ಎರಡೂ ಸೇರಿ. ಆದರೆ 'ಇದು ಮಾತ್ರೆಯಿಂದಲೂ ಆಗುತ್ತೆ' ಅನ್ನೋ ಒಂದು ಮಾತನ್ನು ಕೇಳಿ ಅವಳು ಅತ್ತಳು. ಒಂದೂವರೆ ವರ್ಷ ತನಗೆ ತಲೆ ಕೆಟ್ಟಿದೆ ಅಂದುಕೊಂಡಿದ್ದಳಂತೆ. ಅವಳು ಸೇರಿಸಿ ಅಂದ ಮಾತು ಇದೇ. ಮಾತ್ರೆ ನುಂಗುತ್ತಿರುವಾಗ ಬದುಕು ಬೇಡ ಅನ್ನಿಸಿದರೆ ಅದನ್ನು ಡಾಕ್ಟರಿಗೆ ಹೇಳಬೇಕು. ಹೇಳೋಕೆ ಯಾರೂ ಇಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವಳು ನಾಲೆ ಏರಿ ಮೇಲೆ ಕೂತಿದ್ದ ದಿನಗಳಲ್ಲಿ ಅದು ಆಗಲೇ ಶುರುವಾಗಿತ್ತು. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಅಷ್ಟೇ.

ಅತ್ತೆ

ಈ ಕಥೆಯಲ್ಲಿ ಕೆಟ್ಟವರು ಯಾರು ಅಂತ ನಾನೂ ಮೊದಲು ಹುಡುಕಿದೆ. ಅತ್ತೆ ಸಿಕ್ಕರು. ಸೊಸೆಗೆ ಹಿತ್ತಲ ಕಡೆಯ ಕೋಣೆ ಕೊಟ್ಟವರು ಅವರೇ. ತಟ್ಟೆ, ಲೋಟ, ಚಾಪೆ ಬೇರೆ ಮಾಡಿದವರು ಅವರೇ. ಹಸು ಕರೆಯೋದು ಬೇಡ ಅಂದವರೂ ಅವರೇ. ಮೊಮ್ಮಗನನ್ನು ತಮ್ಮ ಪಕ್ಕದಲ್ಲಿ ಮಲಗಿಸಿಕೊಂಡರು.

ಆ ತಟ್ಟೆಯ ವಿಷಯ ಹೇಳಬೇಕು. ನಮ್ಮ ಕಡೆ ಮದುವೆಗೆ ತವರಿನಿಂದ ಕೊಡುವ ಪಾತ್ರೆಗಳ ಮೇಲೆ ಹೆಸರು ಕೊರೆಸುತ್ತಾರೆ. ರತ್ನಳ ತಾಯಿ ಆರು ತಟ್ಟೆ ಕೊಟ್ಟಿದ್ದರು, ಆರರ ಮೇಲೂ ಅವಳ ಹೆಸರು. ಕಾಯಿಲೆ ಬಂದಾಗ ಯಾವ ತಟ್ಟೆ ಬೇರೆ ಇಡೋದು ಅನ್ನುವ ಪ್ರಶ್ನೆಯೇ ಏಳಲಿಲ್ಲ. ಹೆಸರೇ ಇತ್ತಲ್ಲ. ಒಂದು ತಟ್ಟೆ ಹಿತ್ತಲಿಗೆ ಹೋಯಿತು. ಉಳಿದ ಐದನ್ನು ಯಾರೂ ಮುಟ್ಟದೆ ಅಟ್ಟಕ್ಕೆ ಹಾಕಿದರು.

ಸೆಪ್ಟೆಂಬರ್‌ನಲ್ಲಿ ನಾನು ಅವರ ಮನೆಗೆ ಹೋದೆ. ಅತ್ತೆಗೆ 60 ದಾಟಿದೆ. ಜಗಲಿ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ನಾನು ತಟ್ಟೆಯ ಮಾತೆತ್ತಿದ್ದೇ ತಡ, ಅವರಿಗೆ ಸಿಟ್ಟು ಬಂತು.

"ಅಸಯ್ಯ ಪಟ್ಟು ಬ್ಯಾರೆ ಇಟ್ನಾ ನಾನು? ನಮ್ಮಣ್ಣ ರಕ್ತ ಕಾರ್ಕೊಂಡು ಸತ್ತಾಗ ನಂಗೆ ಅತ್ತು ವರ್ಸ ಕನವ್ವ. ಆಸ್ಗೆ, ಬಟ್ಟೆ, ತಟ್ಟೆ ಎಲ್ಲಾನೂ ಊರಾಚೆ ಸುಟ್ರು. ನಮ್ಮತ್ಗೆನೂ ಅದ್ರಲ್ಲೇ ಓದ್ಲು. ಈ ಮಗೀನ ನಾನು ಉಳುಸ್ಕಬೇಕಾಗಿತ್ತು, ಉಳುಸ್ಕಂಡೆ."

ಏನು ಹೇಳಲಿ? ಆ ಹತ್ತು ವರ್ಷದ ಹುಡುಗಿ ನೋಡಿದ್ದು ಸುಳ್ಳಲ್ಲ. ಆಗಲೂ ಔಷಧಿ ಇತ್ತು, ಆದರೆ ಒಂದು, ಒಂದೂವರೆ ವರ್ಷ ಇಂಜೆಕ್ಷನ್, ಮಾತ್ರೆ ತೆಗೆದುಕೊಳ್ಳಬೇಕಿತ್ತು, ನಡುವೆ ಬಿಟ್ಟವರೇ ಜಾಸ್ತಿ. ಅದಕ್ಕೂ ಹಿಂದೆ ಔಷಧಿಯೇ ಇರಲಿಲ್ಲ. ಮೈಸೂರಿನ ಕೆಆರ್‌ಎಸ್ ರಸ್ತೆಯಲ್ಲಿರುವ ಕ್ಷಯದ ಆಸ್ಪತ್ರೆಗೆ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಅವರು. ಕ್ಷಯದಿಂದಲೇ ತೀರಿಕೊಂಡರು. ಅರಮನೆಯಲ್ಲೇ ತಡೆಯಲಾಗದ ಕಾಯಿಲೆ ಹಳ್ಳಿಯ ಮನೆಗಳಲ್ಲಿ ಏನು ಮಾಡಿರಬೇಡ. ಗಾಳಿ, ಬೆಳಕು, ಒಳ್ಳೆ ಊಟ, ಊರಿಂದ ದೂರ, ಇಷ್ಟೇ ಆಗಿನ ಚಿಕಿತ್ಸೆ. 'ಊರಿಂದ ದೂರ' ಅನ್ನೋದು ಮಾತ್ರ ನಮ್ಮ ತಲೆಯಲ್ಲಿ ಉಳಿದುಕೊಂಡಿತು. 1898ರಲ್ಲಿ ಮೈಸೂರು ಸೀಮೆಗೆ ಪ್ಲೇಗ್ ಬಂದಾಗಲೂ ಜನ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡವರೇ ಅಲ್ವಾ?

ಮಾತಾಡುತ್ತಾ ಇನ್ನೊಂದಷ್ಟು ವಿಷಯ ಹೊರಬಂತು. ಆ 20 ತಿಂಗಳು ಸೊಸೆಗೆ ದಿನಾ ಎರಡು ಮೊಟ್ಟೆ ಬೇಯಿಸಿಕೊಟ್ಟವರು ಇದೇ ಅತ್ತೆ. ಕ್ಷಯ ರೋಗಿಗೆ ಪೌಷ್ಟಿಕ ಆಹಾರಕ್ಕೆ ಅಂತ ಸರ್ಕಾರದಿಂದ ಆಗ ಬರುತ್ತಿದ್ದದ್ದು ತಿಂಗಳಿಗೆ ₹500. ಅದು ಸಾವಿರವಾಗಿದ್ದು 2024ರ ನವೆಂಬರ್‌ನಿಂದ. ಐನೂರು ಯಾವ ಮೂಲೆಗೆ? ಕಿವಿಯ ಓಲೆ ಅಡ ಇಟ್ಟಿದ್ದರು. ರಾತ್ರಿ ಎದ್ದು ಹಿತ್ತಲ ಕೋಣೆಯ ಬಾಗಿಲಲ್ಲಿ ನಿಂತು ಸೊಸೆ ಉಸಿರಾಡುತ್ತಾಳಾ ಅಂತ ನೋಡುತ್ತಿದ್ದರಂತೆ. ಬೇರೆ ಇಟ್ಟ ತಟ್ಟೆಯನ್ನು ದಿನಾ ತೊಳೆದದ್ದೂ ಅವರೇ. ರತ್ನಳಿಗೆ ಬಗ್ಗಲು ಆಗುತ್ತಿರಲಿಲ್ಲ.

ತರಬೇತಿಯಲ್ಲಿ ನಮಗೆ ಕಳಂಕದ ಬಗ್ಗೆ ಪಾಠ ಮಾಡುವಾಗ, ಅದೇನೋ ಕೆಟ್ಟ ಜನರ ಮನಸ್ಸಿನಲ್ಲಿ ಇರೋದು ಅನ್ನುವ ಹಾಗೆ ಹೇಳಿಕೊಟ್ಟಿದ್ದರು. ತಟ್ಟೆ ಬೇರೆ ಇಟ್ಟ ಕೈಯೇ ಅದನ್ನು ತೊಳೆದಿದೆ. ಇದಕ್ಕೆ ಆ ಪಾಠದಲ್ಲಿ ಜಾಗ ಇರಲಿಲ್ಲ.

ಎಲ್ಲಕ್ಕಿಂತ ಬೇಸರದ ವಿಷಯ ಅಂದರೆ, ತಟ್ಟೆ ಬೇರೆ ಇಟ್ಟಿದ್ದರಿಂದ ಏನೂ ಉಪಯೋಗ ಇರಲಿಲ್ಲ. ಕ್ಷಯ ತಟ್ಟೆಯಿಂದ, ಲೋಟದಿಂದ, ಬಟ್ಟೆಯಿಂದ ಹರಡುವುದಿಲ್ಲ. ಕೆಮ್ಮಿದಾಗ ಗಾಳಿಯಲ್ಲಿ ಹರಡುತ್ತದೆ. ಸರಿಯಾದ ಮಾತ್ರೆ ಶುರುವಾದ ಮೇಲೆ ಹರಡುವ ಶಕ್ತಿ ಬೇಗ ಕುಗ್ಗುತ್ತದೆ. ಅದಕ್ಕೂ ಮುಂಚೆ ಕೆಮ್ಮುತ್ತಿದ್ದ ಆ ಏಳು ತಿಂಗಳು ಎಲ್ಲರೂ ಒಂದೇ ನಡುಮನೆಯಲ್ಲಿ, ಕಿಟಕಿ ಮುಚ್ಚಿಕೊಂಡು ಮಲಗಿದ್ದರು. ಅಪಾಯ ಇದ್ದಾಗ ಯಾರಿಗೂ ಗೊತ್ತಿರಲಿಲ್ಲ. ಎಲ್ಲರಿಗೂ ಗೊತ್ತಾದಾಗ ಅಪಾಯ ಇಳಿಯತೊಡಗಿತ್ತು.

ಫೋಟೋ

ಹೊರಗಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೆಚ್ಚುಕಮ್ಮಿ ಎಲ್ಲರ ಕಥೆಯೂ ಇದೇ.

2023ರಲ್ಲಿ ಯಾವುದೋ ಒಂದು ಸಂಘದವರು ಕ್ಷಯ ರೋಗಿಗಳಿಗೆ ಆಹಾರದ ಕಿಟ್ ಕೊಟ್ಟರು. ಬೇಳೆ, ಎಣ್ಣೆ, ಕಡ್ಲೆಬೀಜ, ಹಾಲಿನ ಪುಡಿ. ಒಳ್ಳೆಯದೇ. ಕೊಡುವಾಗ ಸಾಲಾಗಿ ನಿಲ್ಲಿಸಿ ಫೋಟೋ ತೆಗೆದರು, ಹಿಂದೆ ಬ್ಯಾನರ್. ಸಂಜೆಯೊಳಗೆ ಅದು ವಾಟ್ಸಾಪ್‌ನಲ್ಲಿ ಅವಳ ತವರೂರಿಗೆ ಹೋಗಿತ್ತು. ಅಲ್ಲಿ ಅವಳ ತಂಗಿಗೆ ಗಂಡು ನೋಡುತ್ತಿದ್ದರು. ಮುಂದಿನದು ನಿಮಗೇ ಗೊತ್ತಾಗಿರುತ್ತದೆ. ತಂಗಿ ಇವತ್ತಿಗೂ ಅಕ್ಕನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಕಿಟ್ ಮೂರು ವಾರಕ್ಕೆ ಮುಗಿಯಿತು. ಫೋಟೋ ಇನ್ನೂ ಇದೆ.

ವಾಸಿಯಾದ ಮೇಲೆ ಗಾರ್ಮೆಂಟ್ಸ್‌ಗೆ ಕೆಲಸ ಕೇಳಿಕೊಂಡು ಹೋದಳು. ಇಲ್ಲ ಅನ್ನಲಿಲ್ಲ. ಸಾಲಿನ ಕೊನೆಯ ಮಿಷಿನ್ ಕೊಟ್ಟರು, ಪಕ್ಕದ ಮಿಷಿನ್ ಖಾಲಿ ಬಿಟ್ಟರು. ಊಟದ ಹೊತ್ತಿಗೆ ನೀರಿನ ಫಿಲ್ಟರ್ ಹತ್ತಿರ ಇವಳು ಹೋದರೆ ಉಳಿದವರು ಕಾಯುತ್ತಿದ್ದರು. ಯಾರೂ ಒಂದು ಮಾತು ಅನ್ನಲಿಲ್ಲ. ಹನ್ನೊಂದು ದಿನಕ್ಕೆ ಬಿಟ್ಟಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು ಅಂತ ಅವಳ ವಾದ. ಆ ಪುಟ್ಟ ಲೋಟ ಕೊಂಡದ್ದು ಆಗಲೇ.

ಗಂಡನ ಚಿಕ್ಕಪ್ಪ ಒಬ್ಬರು ಬಿಡುಗಡೆಯ ಮಾತೆತ್ತಿದರು. ಟಿಬಿ ಇದ್ದರೆ ಕೋರ್ಟಿನಲ್ಲಿ ಸುಲಭವಾಗಿ ಕೊಡ್ತಾರೆ ಅಂತ ಯಾರೋ ಹೇಳಿದ್ದರಂತೆ. ಸುಳ್ಳು. ಹಿಂದೂ ವಿವಾಹ ಕಾಯ್ದೆಯಲ್ಲಿ ವಿಚ್ಛೇದನಕ್ಕೆ ಕೊಟ್ಟ ಕಾರಣಗಳಲ್ಲಿ ಕ್ಷಯ ಇಲ್ಲ. ಕುಷ್ಠ ಇತ್ತು, ಅದನ್ನೂ 2019ರಲ್ಲಿ ತೆಗೆದರು. ಗಂಡ ಚಿಕ್ಕಪ್ಪನಿಗೆ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಆ ಸುಮ್ಮನಿರುವಿಕೆಯನ್ನು ರತ್ನ ಒಪ್ಪಿಗೆ ಅಂತ ತಿಳಿದಿದ್ದಳು. ಅವನನ್ನು ಒಂದು ಸಲ ಕರೆಸಿ ಮಾತಾಡಿಸಿದೆ. ಬಹಳ ಕಡಿಮೆ ಮಾತಿನ ಮನುಷ್ಯ. "ನಾನು ಟಿಬಿ ಅಂತ ಬಾಯಿ ಬಿಟ್ಟಿದ್ದಕ್ಕೆ ತಾನೇ ಇಷ್ಟೆಲ್ಲಾ ಆಗಿದ್ದು. ಇನ್ನು ಏನೂ ಮಾತಾಡಬಾರ್ದು ಅಂತ ಇದೀನಿ" ಅಂದ. ಅವನು ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದ.

ನಾನು ತಪ್ಪಿದ ಕಡೆ

ಮೊದಲ ನಾಲ್ಕು ಭೇಟಿ ನಾನು ಪಾಠ ಮಾಡಿದೆ. ಕ್ಷಯ ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ. ಚಿತ್ರ ಇರುವ ಹಾಳೆ ಕೊಟ್ಟೆ. ಅವಳು ತಲೆ ಆಡಿಸಿದಳು. ಪರೀಕ್ಷೆ ಇಟ್ಟಿದ್ದರೆ ನೂರಕ್ಕೆ ನೂರು ತೆಗೆಯುತ್ತಿದ್ದಳು. ಆದರೆ ಪ್ರತಿ ಸಲವೂ ಲೋಟ ತಂದಳು.

ಮನೆಯಲ್ಲೂ ಹೀಗೇ ಆಗಿತ್ತು. ಆ ಸೆಪ್ಟೆಂಬರ್ ಭೇಟಿಯಲ್ಲಿ ಒಂದು ವಿಷಯ ಕೇಳಿ ನನಗೆ ದಿಗಿಲಾಯಿತು. ಮಾತ್ರೆ ಮುಗಿದ ವಾರವೇ ಅತ್ತೆ ಹಿತ್ತಲ ತಟ್ಟೆಯನ್ನು ಒಳಗೆ ತಂದು ಉಳಿದ ತಟ್ಟೆಗಳ ಜೊತೆ ಇಟ್ಟಿದ್ದರು. ಡಾಕ್ಟರು ವಾಸಿ ಅಂದಮೇಲೆ ವಾಸಿ, ಅಷ್ಟೇ ಅವರ ಲೆಕ್ಕ. ರತ್ನಳೇ ಅದನ್ನು ವಾಪಸ್ ಹಿತ್ತಲಿಗೆ ಒಯ್ದಳು. ಮೂರು ಸಲ ಹೀಗಾಯಿತಂತೆ. ನಾಲ್ಕನೇ ಸಲ ಅತ್ತೆ ಸುಮ್ಮನಾದರು. ಅಂದರೆ ನಾನು ಯಾರ ಮನಸ್ಸು ಬದಲಿಸಬೇಕು ಅಂತ ಹೊರಟಿದ್ದೆನೋ ಅವರು ಐದು ತಿಂಗಳ ಹಿಂದೆಯೇ ಬದಲಾಗಿದ್ದರು.

ಐದನೇ ಭೇಟಿಯಲ್ಲಿ ಪಾಠ ಬಿಟ್ಟು ಕೇಳಿದೆ. "ತಟ್ಟೆ ಒಳಗಿದ್ದರೆ ಏನಾಗುತ್ತೆ?"

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು. "ನಾಳೆ ಮಗೂಗೆ ಸುಮ್ನೆ ನೆಗಡಿ ಬಂದ್ರೂ, ನನ್ನ ತಟ್ಟೆ ಒಳಗಿತ್ತು ಅಂತಾರೆ. ಹೊರಗಿದ್ರೆ ಯಾರೂ ಅನ್ನಂಗಿಲ್ಲ."

ಅಲ್ಲಿಯವರೆಗೆ ಅದನ್ನು ನಾನು ತಿಳಿವಳಿಕೆ ಇಲ್ಲದ ಭಯ ಅಂತ ಓದಿದ್ದೆ. ಅವಳಿಗೆ ಎಲ್ಲಾ ತಿಳಿದಿತ್ತು. ಆ ಮನೆಯಲ್ಲಿ ಇರುವುದಕ್ಕೆ ಅವಳು ಕಟ್ಟುತ್ತಿದ್ದ ಬಾಡಿಗೆ ಅದು.

ಮಗ

ಆ ಮಗುವಿನ ಮಾತು. ಅವನನ್ನು ತಾಯಿಯಿಂದ ದೂರ ಇಡಲು ಅಜ್ಜಿ ಒಂದು ಮಾತು ಕಲಿಸಿದ್ದರು. ಮೂರು ವರ್ಷದ ಮಗುವಿಗೆ ಬೇರೆ ಹೇಗೆ ಹೇಳುವುದು? "ಅಮ್ಮನ ತಾವ ಹೋದ್ರೆ ಕೆಮ್ಮು ಬತ್ತದೆ." ಕಲಿತ. ಚೆನ್ನಾಗಿಯೇ ಕಲಿತ. ಹಿತ್ತಲ ಬಾಗಿಲ ಹೊಸಿಲು ಅವನ ಗಡಿ. ಅಲ್ಲಿ ನಿಂತು ಅಂಗನವಾಡಿಯ ಹಾಡು ಹೇಳುತ್ತಿದ್ದ. ಅವಳು ಒಳಗಿನಿಂದ ಚಪ್ಪಾಳೆ ತಟ್ಟುತ್ತಿದ್ದಳು. ಎದೆಯ ಎಕ್ಸ್‌ರೇ ಮಾಡಿಸಿದ್ದರು, ಏನೂ ಇರಲಿಲ್ಲ.

ತಾಯಿ ವಾಸಿಯಾಗಿ ನಡುಮನೆಗೆ ಬಂದಾಗ ಅವನಿಗೆ ಐದು ವರ್ಷ. ಮಾತ್ರೆಯ ಕೊನೆಯ ದಿನ ದೊಡ್ಡವರಿಗೆ ಗೊತ್ತಿತ್ತು. ಮಗುವಿಗೆ ಅದನ್ನು ಯಾರೂ ಹೇಳಲಿಲ್ಲ. ಅವಳು ಎತ್ತಿಕೊಳ್ಳಲು ಹೋದರೆ ಉಸಿರು ಬಿಗಿ ಹಿಡಿಯುತ್ತಿದ್ದ, ಕೆನ್ನೆ ಉಬ್ಬಿಸಿಕೊಂಡು. ಮನೆಯವರು ನಗುತ್ತಿದ್ದರು. ರತ್ನಳೂ ನಗುತ್ತಿದ್ದಳು. ನನ್ನ ಮುಂದೆ ಅವನ ಹಾಗೆ ಕೆನ್ನೆ ಉಬ್ಬಿಸಿ ತೋರಿಸುವಾಗ ಮಾತ್ರ ನಗು ಅರ್ಧಕ್ಕೆ ನಿಂತಿತು.

ನಾವು ಒಂದಷ್ಟು ಪ್ರಯತ್ನ ಮಾಡಿದೆವು. ಬಲವಂತವಾಗಿ ಎತ್ತಿಕೊಳ್ಳುವುದು ಬೇಡ ಅಂದೆ. ಮನೆಯ ಹಳೇ ಹೊಲಿಗೆ ಮಿಷಿನ್ ಕಿಟಕಿ ಹತ್ತಿರ ಹಾಕಿಸಿದೆವು. ಅವಳು ಹೊಲಿಯುತ್ತಿದ್ದರೆ ಅವನು ಬಾಗಿಲಲ್ಲಿ ಕೂರುವುದು, ಬಿದ್ದ ದಾರದ ಉಂಡೆ ಎತ್ತಿ ಕೊಡುವುದು. ಮೊದಲ ವಾರ ಉಂಡೆಯನ್ನು ದೂರದಿಂದ ಉರುಳಿಸುತ್ತಿದ್ದ. ಆಮೇಲೆ ಸ್ಟೂಲಿನ ಮೇಲಿಟ್ಟು ಓಡುತ್ತಿದ್ದ. ಅಜ್ಜಿಗೂ ಒಂದು ಕೆಲಸ ಕೊಟ್ಟೆ. ಕಲಿಸಿದವರೇ ಮರೆಸಬೇಕು. "ಅಮ್ಮುಂಗೆ ವಾಸಿಯಾಗದೆ, ಓಗು" ಅಂತ ಅವರು ದಿನಾ ಹೇಳಿದರು. ಅವನು ನಂಬಲಿಲ್ಲ. ಎರಡು ವರ್ಷ ಒಂದು ಹೇಳಿ ಈಗ ಇನ್ನೊಂದು ಹೇಳಿದರೆ ಯಾಕೆ ನಂಬುತ್ತಾನೆ?

ದೀಪಾವಳಿಗೆ ಅತ್ತೆ ಮಾದಪ್ಪನ ಬೆಟ್ಟಕ್ಕೆ ಹೊರಟರು. ಸೊಸೆ ಉಳಿದರೆ ಬರ್ತೀನಿ ಅಂತ ಹರಕೆ ಹೊತ್ತಿದ್ದರಂತೆ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಊರಿನ ಹತ್ತು ಹನ್ನೆರಡು ಜನ ಒಟ್ಟಿಗೆ ಹೋಗುತ್ತಾರೆ. ಎರಡು ರಾತ್ರಿ ಅಜ್ಜಿ ಇಲ್ಲ. ಗಂಡ ಮೊದಲ ರಾತ್ರಿ ಮಂಡ್ಯಕ್ಕೆ ಲೋಡ್ ಹಾಕಿಕೊಂಡು ಹೋಗಿದ್ದ. ಪಟಾಕಿ ಸದ್ದಿಗೆ ಹುಡುಗ ಹೆದರಿದ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ತಾಯಿಯ ಹತ್ತಿರ ಬಂದು ಸೆರಗಿನೊಳಗೆ ಮುಖ ಹುದುಗಿಸಿದ. ಉಸಿರು ಹಿಡಿದಿದ್ದ, ಆದರೆ ಎಷ್ಟು ಹೊತ್ತು ಹಿಡಿಯುತ್ತಾನೆ? ಬಿಟ್ಟ.

ಬೆಳಿಗ್ಗೆ ಎದ್ದು ಒಂದು ಸಲ ಸುಳ್ಳು ಕೆಮ್ಮು ಕೆಮ್ಮಿ ನೋಡಿಕೊಂಡನಂತೆ.

ಈ ಭಾಗವನ್ನು ನಮ್ಮ ಕಚೇರಿಯ ವರದಿಯಲ್ಲಿ 'ಕುಟುಂಬ ಆಪ್ತ ಸಮಾಲೋಚನೆಯ ಫಲ' ಅಂತ ಬರೆಯಬೇಕಾಗಿತ್ತು. ಬರೆಯಲು ಮನಸ್ಸಾಗಲಿಲ್ಲ. ದಾರದ ಉಂಡೆ ಸ್ವಲ್ಪ ಕೆಲಸ ಮಾಡಿರಬಹುದು. ಜಾಸ್ತಿ ಕೆಲಸ ಮಾಡಿದ್ದು ಮಾದಪ್ಪ ಮತ್ತು ಪಟಾಕಿ.

ಈಗ

ಒಟ್ಟು ಹನ್ನೊಂದು ಭೇಟಿ ಆಗಿವೆ. ನಾಲೆ ಏರಿಯ ವಿಷಯ ಹೊರಬಂದ ದಿನವೇ ಅವಳನ್ನು ಮಾನಸಿಕ ತಜ್ಞರ ಹತ್ತಿರ ಕಳಿಸಿದ್ದೆವು. ಎಂಟು ತಿಂಗಳು ಮಾತ್ರೆ ತೆಗೆದುಕೊಂಡಳು. ಅದಕ್ಕೂ ಮೊದಮೊದಲು ಹಿಂದೇಟು ಹಾಕಿದಳು. "ಮತ್ತೆ ಬಣ್ಣ ಹೋಗುತ್ತಾ?" ಅನ್ನೋದು ಅವಳ ಮೊದಲ ಪ್ರಶ್ನೆ. ಈಗ ನಿದ್ದೆ ಬರುತ್ತದೆ.

ಚಿಕಿತ್ಸೆ ಮುಗಿದ ಮೇಲೆ 6, 12, 18, 24ನೇ ತಿಂಗಳಲ್ಲಿ ಮತ್ತೆ ಪರೀಕ್ಷೆಗೆ ಬರಬೇಕು ಅಂತ ನಿಯಮ ಇದೆ. ಎರಡು ಆಗಿವೆ, ಎರಡರಲ್ಲೂ ಏನಿಲ್ಲ. ಪರೀಕ್ಷೆಯ ಹಿಂದಿನ ವಾರ ಮಾತ್ರ ಅವಳು ಮೊದಲಿನ ರತ್ನ. ಮಗನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವುದಿಲ್ಲ. ಒಂದು ಕೆಮ್ಮು ಬಂದರೆ ಕಫವನ್ನು ಕಾಗದದ ಮೇಲೆ ಹಾಕಿ ಬಿಸಿಲಿಗೆ ಹಿಡಿದು ರಕ್ತ ಇದೆಯಾ ಅಂತ ನೋಡುತ್ತ ನಿಲ್ಲುತ್ತಾಳೆ. ನೆಗೆಟಿವ್ ಅಂತ ಗೊತ್ತಾದ ಸಂಜೆ ಮೈಸೂರಿನ ಮಾರ್ಕೆಟ್ಟಿನಲ್ಲಿ ಮಗನಿಗೆ ಏನಾದರೂ ಕೊಂಡು ಹೋಗುತ್ತಾಳೆ.

ಮುಖದ ಬಣ್ಣ ಮುಕ್ಕಾಲು ವಾಪಸ್ ಬಂದಿದೆ. ಕೈಗಳು ಇನ್ನೂ ಕಪ್ಪು. ಪಾದದ ಜೋಮು ಹಾಗೇ ಇದೆ, ಹೋಗದೆಯೂ ಇರಬಹುದು ಅಂತ ಡಾಕ್ಟರು ಹೇಳಿದ್ದಾರೆ. ಮಿಷಿನ್‌ಗೆ ಮೋಟಾರ್ ಹಾಕಿಸಿಕೊಂಡು ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಊರಿನವರು ಕಡಿಮೆ, ಪಕ್ಕದ ಊರಿನವರು ಜಾಸ್ತಿ. ಗಂಡ ಈಗ ಹೆದ್ದಾರಿ ಬದಿಯ ಬೇರೆ ಅಂಗಡಿಯಲ್ಲಿ ಟೀ ಕುಡಿಯುತ್ತಾನೆ. ತಂಗಿಗೆ ಮದುವೆಯಾಯಿತು. ಅಕ್ಕನನ್ನು ಕರೆದಿದ್ದರು. ಹೋದಳು, ಫೋಟೋಗೆ ನಿಲ್ಲಲಿಲ್ಲ.

ತಟ್ಟೆ ಒಳಗೆ ಬಂದಿದೆಯಾ ಅಂತ ಕೇಳಿದೆ. ಬಂದಿದೆ. ಈ ಯುಗಾದಿಗೆ ಅತ್ತೆ ಅಟ್ಟದ ಐದೂ ತಟ್ಟೆ ಇಳಿಸಿ, ಹುಣಸೆಹಣ್ಣು ಹಾಕಿ ಉಜ್ಜಿ, ಆರರಲ್ಲೂ ಎಲ್ಲರಿಗೂ ಬಡಿಸಿದರಂತೆ. ಈಗ ಮನೆಯಲ್ಲಿ ಯಾರು ಉಂಡರೂ ರತ್ನಳ ಹೆಸರಿನ ತಟ್ಟೆಯಲ್ಲೇ. ಯಾವುದು ಹಿತ್ತಲಲ್ಲಿದ್ದ ತಟ್ಟೆ ಅಂತ ಗೊತ್ತಾಗದ ಹಾಗೆ ಮಾಡಿದ್ದಾರೆ. "ಆದ್ರೆ ನಂಗೆ ಗೊತ್ತು ಅಕ್ಕ, ಅದರ ಅಂಚು ಒಂಚೂರು ಸೊಟ್ಟ" ಅಂದಳು. ಮೇಡಂ ಹೋಗಿ ಅಕ್ಕ ಯಾವಾಗ ಆಯಿತೋ ನಾನು ಗಮನಿಸಿರಲಿಲ್ಲ.

ಕಳೆದ ಸಲ ಬಂದಾಗ ಲೋಟ ತಂದಿರಲಿಲ್ಲ. ನಾನೂ ಕೇಳಲಿಲ್ಲ. ಆಯಾ ಕೊಟ್ಟ ಲೋಟದಲ್ಲೇ ಕಾಫಿ ಕುಡಿದಳು. ಆಮೇಲೆ ಎದ್ದು ಹೋಗಿ ತಾನೇ ತೊಳೆದಳು. ಇನ್ನೊಂದು ಸಲ ತೊಳೆದಳು. ಉಳಿದ ಲೋಟಗಳಿಂದ ಒಂದು ಗೇಣು ದೂರದಲ್ಲಿ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಮುಂದಿನ ಕಫ ಪರೀಕ್ಷೆ ಅಕ್ಟೋಬರ್‌ನಲ್ಲಿ. ಶಾಲೆಗೆ ದಸರಾ ರಜೆ ಇದ್ದರೆ ಮಗನನ್ನೂ ಕರೆದುಕೊಂಡು ಬರ್ತೀನಿ ಅಂದಿದ್ದಾಳೆ.